ಜಪಾನಿನ ಪಲ್ಪ್ ಆಮದನ್ನು ಪೂರ್ವ ಏಷ್ಯಾದೊಡನೆ ಹೋಲಿಸುವ ಬಗೆ

ಕಾಗದಕ್ಕೆ ಬೇಕಾದ ನಾರಿನ ತಿರುಳನ್ನು, ಅಂದರೆ ಪಲ್ಪನ್ನು, ಚೀನಾ ಈಚೆಗೆ ವರ್ಷಕ್ಕೆ 3 ಕೋಟಿ ಟನ್ನಿಗೂ ಹೆಚ್ಚು ಪ್ರಮಾಣದಲ್ಲಿ ಹೊರದೇಶಗಳಿಂದ ತರಿಸಿಕೊಳ್ಳುತ್ತಿದೆ. ದಕ್ಷಿಣ ಕೊರಿಯಾದ ಆಮದು 20 ಲಕ್ಷ ಟನ್ನಿನ ಆಸುಪಾಸಿನಲ್ಲಿದೆ. ಜಪಾನಿನದು ಸುಮಾರು 15 ಲಕ್ಷ ಟನ್. ಭೂಭಾಗದ ಮೂರನೇ ಎರಡು ಪಾಲು ಕಾಡೇ ಇರುವ ಜಪಾನ್ ತನ್ನ ಮರದಲ್ಲೇ ಕಾಗದದ ಅಗತ್ಯ ನೀಗಿಸಿಕೊಳ್ಳುತ್ತಿದೆ ಎಂದು ಈ ಅಂಕಿಗಳನ್ನು ನೋಡಿದವರಿಗೆ ಅನ್ನಿಸಬಹುದು. ಅದು ತಪ್ಪು ತೀರ್ಮಾನ.

ಮೊದಲ ತೊಡಕು ವಲಯದ ಮೊತ್ತದಲ್ಲೇ ಇದೆ. ಪೂರ್ವ ಏಷ್ಯಾದ ಪಲ್ಪ್ ಆಮದಿನಲ್ಲಿ ಹತ್ತಕ್ಕೆ ಒಂಬತ್ತರಷ್ಟು ಚೀನಾದ್ದೇ ಆಗಿರುವಾಗ, ಚೀನಾವನ್ನು ವಲಯದೊಡನೆ ಹೋಲಿಸಿದರೆ ಅದನ್ನು ಅದರೊಡನೆಯೇ ಹೋಲಿಸಿದಂತಾಗುತ್ತದೆ. ಜಪಾನನ್ನು ವಲಯದೊಡನೆ ಹೋಲಿಸಿದರೂ ನಿಜವಾಗಿ ಹೋಲಿಸುವುದು ಚೀನಾದೊಡನೆ. ಜನಸಂಖ್ಯೆಯಿಂದ ಭಾಗಿಸಿದ ಕೂಡಲೇ ಚಿತ್ರ ಬದಲಾಗುತ್ತದೆ: ತಲಾ ಲೆಕ್ಕದಲ್ಲಿ ಚೀನಾಕ್ಕೆ 20ರಿಂದ 25 ಕೆಜಿ, ಕೊರಿಯಾಕ್ಕೆ ಸುಮಾರು 40 ಕೆಜಿ, ಜಪಾನಿಗೆ 12 ಕೆಜಿ. ಮೊತ್ತದಲ್ಲಿ ಎಲ್ಲೋ ಹಿಂದಿದ್ದ ಕೊರಿಯಾ ಇಲ್ಲಿ ಮೊದಲ ಸ್ಥಾನಕ್ಕೆ ಬರುತ್ತದೆ. ಜಪಾನ್ ಮಾತ್ರ ಕೊನೆಯಲ್ಲೇ ಉಳಿಯುತ್ತದೆ, ಏಕೆಂದರೆ ಅದರ ಮರ ಗಡಿ ದಾಟುವುದು ಬೇರೆ ರೂಪದಲ್ಲಿ.

ಜಪಾನ್ ವರ್ಷಕ್ಕೆ ಸುಮಾರು 1 ಕೋಟಿ ಟನ್ ಒಣತೂಕದ ಮರದ ಚಿಪ್ಸ್ ತರಿಸುತ್ತದೆ. ವಿಯೆಟ್ನಾಂನ ಅಕೇಶಿಯ, ಆಸ್ಟ್ರೇಲಿಯಾ ಮತ್ತು ಚಿಲಿಯ ನೀಲಗಿರಿ ಬೆರಳಗಲದ ಚಕ್ಕೆಗಳಾಗಿ ಹಡಗೇರುತ್ತವೆ. ಚಕ್ಕೆ ಹಗುರ, ಆದರೆ ಜಾಗ ತಿನ್ನುವ ಸರಕು. ಅದಕ್ಕೆಂದೇ ಆಳವಾದ ಒಡಲಿನ, ಮೇಲೆ ಕ್ರೇನು ಮತ್ತು ಕನ್ವೇಯರ್ ಪಟ್ಟಿಗಳಿರುವ ವಿಶೇಷ ಹಡಗುಗಳಿವೆ. ಬಂದರಿನ ಬದಿಯ ಕಾರ್ಖಾನೆಯಲ್ಲಿ ಈ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನ ದ್ರಾವಣದಲ್ಲಿ ಸುಮಾರು 160-170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡದಡಿ ಬೇಯಿಸುತ್ತಾರೆ. ನಾರುಗಳನ್ನು ಬೆಸೆದಿಟ್ಟಿದ್ದ ಲಿಗ್ನಿನ್ ಕರಗಿ ಹೊರಬರುತ್ತದೆ. ಮರದ ಒಣತೂಕದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಪಲ್ಪಾಗಿ ಉಳಿಯುತ್ತದೆ. ಉಳಿದ ಕಪ್ಪು ದ್ರವವನ್ನು ಬಾಯ್ಲರಿನಲ್ಲಿ ಉರಿಸಿ ಹಬೆ ಮತ್ತು ವಿದ್ಯುತ್ ಪಡೆಯುತ್ತಾರೆ, ರಾಸಾಯನಿಕಗಳನ್ನು ಮರಳಿ ಬಳಸುತ್ತಾರೆ.

ಪಲ್ಪನ್ನೇ ಕೊಂಡು ತಂದರೆ ಈ ಶಕ್ತಿಯ ಲಾಭ ಮಾರಿದ ದೇಶಕ್ಕೇ ಸೇರುತ್ತದೆ. ಬ್ರೆಜಿಲಿನಿಂದ ಚೀನಾಕ್ಕೆ ಬರುವ ಪಲ್ಪನ್ನು ಅಲ್ಲಿಯೇ ಒಣಗಿಸಿ, ದಪ್ಪ ರಟ್ಟಿನಂಥ ಬಿಳಿ ಹಾಳೆಗಳಾಗಿ ಕತ್ತರಿಸಿ, ಸುಮಾರು 250 ಕೆಜಿಯ ಕಟ್ಟುಗಳಾಗಿ ತಂತಿಯಿಂದ ಬಿಗಿದಿರುತ್ತಾರೆ. ಕೊಂಡ ಕಾರ್ಖಾನೆಯವರು ಅದನ್ನು ಮತ್ತೆ ನೀರಿಗೆ ಹಾಕಿ ಕಲಕಬೇಕು. ಒಂದೇ ಆವರಣದಲ್ಲಿ ಪಲ್ಪು, ಕಾಗದ ಎರಡನ್ನೂ ಮಾಡುವ ಕಾರ್ಖಾನೆಗೆ ಈ ಒಣಗಿಸುವ ಖರ್ಚೇ ಇಲ್ಲ.

1 ಕೋಟಿ ಟನ್ ಚಕ್ಕೆಯಿಂದ 45ರಿಂದ 50 ಲಕ್ಷ ಟನ್ ಪಲ್ಪ್ ಬರುತ್ತದೆಂದು ಹಿಡಿದರೆ, ಜಪಾನಿನ ತಲಾ ಆಮದು 12 ಕೆಜಿಯಿಂದ 50ರ ಹತ್ತಿರಕ್ಕೆ ಜಿಗಿಯುತ್ತದೆ. ಚೀನಾವೂ ಅಪಾರ ಚಿಪ್ಸ್ ತರಿಸುತ್ತದೆ, ಒಟ್ಟು ಪ್ರಮಾಣದಲ್ಲಿ ಜಪಾನನ್ನು ಮೀರಿಸಿದೆ ಕೂಡ. ಆದರೆ 141 ಕೋಟಿ ಜನರ ನಡುವೆ ಹಂಚಿದಾಗ ಅದು ಕೆಲವೇ ಕೆಜಿ ಸೇರಿಸುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಕಣ್ಮರೆಯಾಗುವುದು ಸುಂಕದ ಸಂಕೇತಗಳಲ್ಲಿ, ಅಂದರೆ ಗಡಿ ದಾಟುವ ಸರಕನ್ನು ಬಗೆಬಗೆಯಾಗಿ ವಿಂಗಡಿಸುವ ಸಂಖ್ಯೆಗಳಲ್ಲಿ: ಚಿಪ್ಸ್ 4401ರಲ್ಲಿ, ಪಲ್ಪ್ 4701ರಿಂದ 4706ರವರೆಗೆ, ರದ್ದಿ ಕಾಗದ 4707ರಲ್ಲಿ. ಈ ಸಾಲಿನೊಳಗೂ ಭೇದಗಳಿವೆ. 4702ರ ಪಲ್ಪ್ ಕಾಗದಕ್ಕಲ್ಲ, ಹೆಚ್ಚಾಗಿ ವಿಸ್ಕೋಸ್ ಬಟ್ಟೆಗೆ. ಹರಿಹರದ ಬಳಿಯ ಕುಮಾರಪಟ್ಟಣದಲ್ಲಿ ನೀಲಗಿರಿಯಿಂದ ತಯಾರಾಗುವುದೂ ಇದೇ ಬಗೆಯದು.

ರದ್ದಿಯ ಸಂಗತಿ ಇನ್ನೂ ಮುಖ್ಯವೆಂದು ನನ್ನ ಅಭಿಪ್ರಾಯ. 2016ರಲ್ಲಿ ಚೀನಾ 2.8 ಕೋಟಿ ಟನ್ನಿಗೂ ಹೆಚ್ಚು ಹಳೆಯ ಕಾಗದ ತರಿಸಿತ್ತು. 2021ರ ಜನವರಿಯಿಂದ ಅದನ್ನು ಪೂರ್ತಿ ನಿಷೇಧಿಸಿತು. ಆಗ ಅಲ್ಲಿನ ಕಂಪನಿಗಳು ಮಲೇಷ್ಯಾ, ಥಾಯ್ಲೆಂಡ್‌ನಂಥ ದೇಶಗಳಲ್ಲಿ ಕಾರ್ಖಾನೆ ಹಾಕಿ, ರದ್ದಿಯನ್ನು ಅಲ್ಲೇ ಕಲಕಿ, ಪಲ್ಪಾಗಿಸಿ ತರಿಸತೊಡಗಿದವು. ಆ ಸರಕು ಈಗ 4706ರಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಹಾಗಾಗಿ ಚೀನಾದ ಒಟ್ಟು ಪಲ್ಪ್ ಆಮದಿನ ಏರಿಕೆಯಲ್ಲಿ ಒಂದು ಪಾಲು ಹೊಸದಾಗಿ ಕಡಿದ ಮರದ್ದಲ್ಲ, ಹಿಂದೆ ಬೇರೆ ಸಂಕೇತದಡಿ ಬರುತ್ತಿದ್ದ ಅದೇ ಹಳೆಯ ಕಾಗದದ್ದು.