ಸಿಂಧನೂರಿನ ಜನ: ಕಾಲುವೆ ಕರೆತಂದವರು, ಗಣತಿ ಮರೆಸಿದವರು

2011ರ ಜನಗಣತಿಯ ಭಾಷಾ ಕೋಷ್ಟಕದಲ್ಲಿ ರಾಯಚೂರು ಜಿಲ್ಲೆಯ ಪುಟ ತೆರೆದರೆ ‘ಹಿಂದಿ’ ಎಂಬ ತಲೆಬರಹದಡಿ ದೊಡ್ಡದೊಂದು ಸಂಖ್ಯೆ ಕಾಣುತ್ತದೆ. ಉತ್ತರ ಭಾರತದಿಂದ ಇಷ್ಟೊಂದು ಜನ ಯಾವಾಗ ಬಂದರು ಎಂದು ಗಾಬರಿಯಾಗಬೇಕಿಲ್ಲ. ಅದರಲ್ಲಿ ಹೆಚ್ಚಿನವರು ತಲೆಮಾರುಗಳಿಂದ ಇಲ್ಲಿನ ತಾಂಡಾಗಳಲ್ಲಿ ಬದುಕಿರುವ ಲಂಬಾಣಿಗಳು. ಗಣತಿ ಇಲಾಖೆ ಲಂಬಾಣಿ ಮಾತನ್ನು ಹಿಂದಿಯ ಗುಂಪಿಗೆ ಸೇರಿಸುತ್ತದೆ, ಅಷ್ಟೆ. ಗುಂಪಿನ ಮೊತ್ತ ಬಿಟ್ಟು ಕೆಳಗಿನ ಉಪಸಾಲುಗಳಿಗೆ ಇಳಿದರೆ ಲಂಬಾಣಿಯ ಲೆಕ್ಕ ಬೇರೆಯಾಗಿಯೇ ಸಿಗುತ್ತದೆ. ಇಳಿಯುವವರು ಕಡಿಮೆ.

ಇದೇ ಜಿಲ್ಲೆಯ ಸಿಂಧನೂರಿನಂಥ ಊರಿನ ಜನರ ಲೆಕ್ಕದಲ್ಲಿ ಇಂಥ ಎಡವಟ್ಟು ಒಂದಲ್ಲ. 2011ರಲ್ಲಿ ಎಪ್ಪತ್ತೈದು ಸಾವಿರದ ಆಸುಪಾಸು ಜನರಿದ್ದ ಈ ಪಟ್ಟಣ ಮತ್ತು ಅದರ ಸುತ್ತ ಹೊರಗಿನಿಂದ ಬಂದವರು ನೆಲೆಸಿದ ವಸತಿಗಳಾದ ಕ್ಯಾಂಪುಗಳಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ, ಬಂಗಾಳಿ ಎಲ್ಲವೂ ಮನೆಮಾತುಗಳು. ಯಾರು ಎಲ್ಲಿಂದ ಬಂದರು ಎಂಬುದಕ್ಕೆ ಉತ್ತರ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ. ಗಣತಿ ಆ ಉತ್ತರವನ್ನು ಐದಾರು ಕೋಷ್ಟಕಗಳಿಗೆ ಹಂಚಿ ಹಾಕಿದೆ.

ಕಾಲುವೆಗೆ ಮೊದಲಿನ ಸಿಂಧನೂರು ನಿಜಾಮರ ಹೈದರಾಬಾದ್ ಸಂಸ್ಥಾನದ ಊರು. ಕೃಷ್ಣಾ-ತುಂಗಭದ್ರೆಗಳ ನಡುವಿನ ದೋಆಬ್‌ನ ಎರೆಭೂಮಿ, ಮಳೆ ನಂಬಿದ ಜೋಳ, ಹತ್ತಿ, ಕಡಲೆ. ಲಿಂಗಾಯತರು, ಕುರುಬರು, ನಾಯಕರು, ಮಾದಿಗರು, ಚಲವಾದಿಗಳು, ಮುಸ್ಲಿಮರು, ರೆಡ್ಡಿಗಳು, ವಡ್ಡರು ಆಗಲೇ ಇದ್ದರು. 1948ರ ಪೊಲೀಸ್ ಕಾರ್ಯಾಚರಣೆಯವರೆಗೂ ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ, ಆಲಂಪುರ ಮಾತ್ರ ತೆಲುಗು ನಾಡಿಗೆ ಹೋದವು. ಹಾಗೆಂದು ಗಡಿಯ ಈಚೆ ತೆಲುಗು ಮನೆಮಾತು ಇಲ್ಲವಾಗಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1945ರಲ್ಲಿ ಅಡಿಗಲ್ಲು ಕಂಡ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನ ಕಡೆಗೆ ಸುಮಾರು 226 ಕಿ.ಮೀ. ಹರಿಯುತ್ತದೆ. ಯೋಜನೆಯ ಉದ್ದೇಶ ಬರ ತಡೆಯುವುದಾಗಿತ್ತು. ಸ್ವಲ್ಪ ನೀರನ್ನು ಹೆಚ್ಚು ಜಮೀನಿಗೆ ಹಂಚಿ, ಬಹುಪಾಲು ಪ್ರದೇಶದಲ್ಲಿ ಜೋಳ, ಹತ್ತಿ, ಶೇಂಗಾದಂಥ, ಕಡಿಮೆ ನೀರು ಕೇಳುವ ಅರೆ ಖುಷ್ಕಿ ಬೆಳೆ ತೆಗೆಯಬೇಕು. ಭತ್ತಕ್ಕೆ ಗುರುತು ಹಾಕಿದ ಜಮೀನು ಸ್ವಲ್ಪವೇ.

ಆದರೆ ಕಾಲುವೆ ಬಂದ ಮಾತ್ರಕ್ಕೆ ನೀರಾವರಿ ಆಗುವುದಿಲ್ಲ. ಇಳಿಜಾರಿನ ಎರೆಹೊಲವನ್ನು ಮಟ್ಟ ಮಾಡಬೇಕು, ಮಡಿ ಕಟ್ಟಬೇಕು, ಹೊಲಗಾಲುವೆ ತೋಡಬೇಕು, ಹೆಚ್ಚಾದ ನೀರು ಹೊರಹೋಗಲು ಬಸಿಗಾಲುವೆ ಬಿಡಬೇಕು. ಇದಕ್ಕೆಲ್ಲ ಮೊದಲೇ ಕೈಯಲ್ಲಿ ದುಡ್ಡು ಬೇಕು. ಸಾಲದಲ್ಲಿದ್ದ ಸ್ಥಳೀಯ ರೈತನಿಗೆ ಅದಿರಲಿಲ್ಲ. ಎರೆಗೆ ನೀರು ನಿಲ್ಲಿಸಿದರೆ ನೆಲ ಜೌಗಾಗಿ (ಜವುಳು) ಉಪ್ಪೇಳುತ್ತದೆ (ಸವಳು) ಎಂಬ ಭಯವೂ ಇತ್ತು. ಮುಂದೆ ಸಾವಿರಾರು ಎಕರೆ ಸವಳು-ಜವುಳಾದದ್ದನ್ನು ನೋಡಿದರೆ ಆ ಭಯ ಸುಳ್ಳಾಗಿರಲಿಲ್ಲ. ಇದೇ ಹೊತ್ತಿಗೆ ಆಂಧ್ರದ ಕೃಷ್ಣಾ, ಗೋದಾವರಿ, ಗುಂಟೂರು ಸೀಮೆಯ ರೈತರು ಬಂದರು. ಅಲ್ಲಿನ ದುಬಾರಿ ಗದ್ದೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಪಟ್ಟು ಜಮೀನು ಸಿಗುತ್ತಿತ್ತು, ಗದ್ದೆ ಬೇಸಾಯ ಅವರಿಗೆ ಹುಟ್ಟಿನಿಂದ ಗೊತ್ತಿತ್ತು. ಅವರು ಹಳೆಯ ಊರೊಳಗೆ ಮನೆ ಮಾಡಲಿಲ್ಲ; ಕೊಂಡ ಜಮೀನಿನ ಹತ್ತಿರವೇ ಗುಂಪಾಗಿ ನೆಲೆಸಿದರು. ಕ್ಯಾಂಪುಗಳು ಹುಟ್ಟಿದ್ದು ಹೀಗೆ.

ಕ್ಯಾಂಪಿನವರಲ್ಲಿ ಕಮ್ಮ, ಕಾಪು ಸಮುದಾಯದವರು ಎದ್ದು ಕಾಣುತ್ತಾರೆ. ಅವರೊಂದಿಗೆ ಭತ್ತ ಬಂತು, ಅಕ್ಕಿ ಗಿರಣಿ ಬಂತು, ನಾಟಿಯ ಕೂಲಿಯೂ ಬಂತು. ಜೊತೆಗೆ ಇಂದಿಗೂ ಬಗೆಹರಿಯದ ಜಗಳವೊಂದು: ಕಾಲುವೆಯ ಮೇಲ್ಭಾಗದಲ್ಲಿ ಗುರುತಿಲ್ಲದ ಜಮೀನಿನಲ್ಲೂ ಭತ್ತ ಹಾಕಿದ್ದರಿಂದ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ. ಇದನ್ನು ‘ಆಂಧ್ರದವರು ಮತ್ತು ನಮ್ಮವರು’ ಎಂಬ ಜಗಳ ಮಾಡುವುದು ತಪ್ಪು. ಮೇಲ್ಭಾಗದಲ್ಲಿ ನೀರು ಸಿಕ್ಕ ಸ್ಥಳೀಯರೂ ಭತ್ತವನ್ನೇ ಹಾಕಿದರು. ಕೊನೆಭಾಗದಲ್ಲಿ ಯಾವ ಜಾತಿಯವನಾದರೂ ಮಳೆಯನ್ನೇ ನೋಡಬೇಕು, ಇಲ್ಲವೇ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಬೇಕು.

ಮೂರನೆಯ ಗುಂಪನ್ನು ಕರೆತಂದದ್ದು ಸರ್ಕಾರ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ಸಿಂಧನೂರು ತಾಲ್ಲೂಕಿನಲ್ಲಿ ಮನೆ, ಜಮೀನು ಕೊಟ್ಟು ಪುನರ್ವಸತಿ ಮಾಡಲಾಯಿತು. ಬರ್ಮಾದಿಂದ ಮರಳಿದವರಿಗೂ ಇಲ್ಲೇ ಜಾಗವಾಯಿತು. ಇವೇ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳು. ಊರುಗಳಿಗೆ ಹೆಸರಿನ ಬದಲು ನಂಬರು. ದುರ್ಗಾಪೂಜೆ ಅಲ್ಲಿನ ದೊಡ್ಡ ಹಬ್ಬ. ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ ಬೆಳೆದಿದ್ದಾರೆ.

ಇವರಲ್ಲಿ ಬಹುತೇಕರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಈ ಸಮುದಾಯ ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಪರಿಶಿಷ್ಟರ ಪಟ್ಟಿ ರಾಜ್ಯವಾರು ಇರುವುದರಿಂದ, ಒಂದು ರಾಜ್ಯದ ಸ್ಥಾನಮಾನ ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ. ತಹಸೀಲ್ದಾರರಾಗಲಿ, ಜಿಲ್ಲಾಧಿಕಾರಿಯಾಗಲಿ, ರಾಜ್ಯ ಸಂಪುಟವಾಗಲಿ ಇದನ್ನು ಸರಿಮಾಡಲಾರರು. ಸಂವಿಧಾನದ 341ನೇ ವಿಧಿಯಂತೆ ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಸಂಸತ್ತಿನದು. ರಾಜ್ಯ ಶಿಫಾರಸು ಮಾಡಬಹುದು. ಐವತ್ತು ವರ್ಷ ಇಲ್ಲೇ ಉತ್ತು ಬಿತ್ತಿದವರ ಮಕ್ಕಳನ್ನು ಇನ್ನೂ ಹೀಗೆ ನಡುವೆ ನಿಲ್ಲಿಸಿರುವುದು ಅನ್ಯಾಯವೇ.

ಪೌರತ್ವದ್ದು ಇನ್ನೊಂದು ಗೋಜಲು. ಒಂದು ಮನೆಯನ್ನೇ ತೆಗೆದುಕೊಳ್ಳಿ. ಪುನರ್ವಸತಿ ಪತ್ರ ಹಿಡಿದು ಬಂದು ಮುಂದೆ ನೋಂದಣಿ ಮಾಡಿಸದೇ ಉಳಿದ ಅಜ್ಜ. 1975ರಲ್ಲಿ ಕ್ಯಾಂಪಿನಲ್ಲೇ ಹುಟ್ಟಿದ ಮಗ. ಭಾರತದಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ಹಾಗಾಗಿ ಮಗನಿಗೆ ತೊಂದರೆಯಿಲ್ಲ. ಅದರ ನಂತರ ಹುಟ್ಟಿದವರ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದ್ದರೆ, ಒಬ್ಬರು ಪೌರರಾಗಿದ್ದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ತಡವಾಗಿ ಗಡಿ ದಾಟಿದ ಸಂಬಂಧಿಕರ ಮನೆಗಳಲ್ಲಿ ಕೊಕ್ಕೆ ಬೀಳುವುದು ಇಲ್ಲೇ. ಮಗನ ಪೌರತ್ವ ಖಾತ್ರಿಯಿದ್ದರೂ ಜನನ ಪ್ರಮಾಣಪತ್ರ ಇಲ್ಲದಿದ್ದರೆ ಸಾಬೀತು ಮಾಡುವುದು ಕಷ್ಟ. ಶಾಲಾ ದಾಖಲಾತಿಯ ನಕಲು ತೆಗೆದಿಡುವುದು ಆ ಕಾರಣಕ್ಕೆ ಮುಖ್ಯ. 2019ರ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಯಾದ ಮೇಲೆ, ಅದೇ ವರ್ಷ ಈ ಕ್ಯಾಂಪುಗಳ ಕೆಲವರ ಕೈಗೆ ಪೌರತ್ವ ಪ್ರಮಾಣಪತ್ರ ಬಂತು.

ಈಗ ಮತ್ತೆ ಕೋಷ್ಟಕಗಳಿಗೆ ಬರೋಣ. ತೆಲುಗಿನ ಸಂಖ್ಯೆಯನ್ನು ಆಂಧ್ರದಿಂದ ಬಂದ ಕ್ಯಾಂಪಿನವರ ಸಂಖ್ಯೆ ಎಂದು ಓದುವಂತಿಲ್ಲ: ಮನೆಯಲ್ಲಿ ತೆಲುಗು ಆಡುವ ಹಳೆಯ ದೋಆಬ್ ಕುಟುಂಬಗಳೂ ಅದರಲ್ಲಿವೆ. ವಲಸೆ ಕೋಷ್ಟಕವೂ ಕೈಕೊಡುತ್ತದೆ, ಇಲ್ಲೇ ಹುಟ್ಟಿ ಊರು ಬಿಡದ ಮೊಮ್ಮಗ ಅಲ್ಲಿ ವಲಸಿಗನಲ್ಲ. ಉರ್ದು ಎಂದರೆ ಮುಸ್ಲಿಮರ ಒಟ್ಟು ಲೆಕ್ಕವೂ ಅಲ್ಲ, ಪಿಂಜಾರ-ನದಾಫರ ಎಷ್ಟೋ ಮನೆಗಳ ಮಾತು ಕನ್ನಡ. ಬಂಗಾಳಿ ಸಾಲು ಒಂದೇ ಹೆಚ್ಚುಕಡಿಮೆ ನೇರವಾಗಿ ಆರ್‌ಎಚ್ ಕ್ಯಾಂಪುಗಳನ್ನು ತೋರಿಸುತ್ತದೆ.

ಪರಿಶಿಷ್ಟರ ಸಾಲನ್ನು ದಶಕದಿಂದ ದಶಕಕ್ಕೆ ಹೋಲಿಸುವವರು ಇನ್ನೂ ಎಚ್ಚರವಾಗಿರಬೇಕು. ರಾಜ್ಯದ ಪರಿಶಿಷ್ಟ ಪಂಗಡದ ಜನಸಂಖ್ಯೆ 1971ರಲ್ಲಿ 2.31 ಲಕ್ಷ, 1981ರಲ್ಲಿ 18.25 ಲಕ್ಷ. ಹೆರಿಗೆಯಿಂದಲೂ ವಲಸೆಯಿಂದಲೂ ಇಷ್ಟು ಹೆಚ್ಚಲು ಸಾಧ್ಯವಿಲ್ಲ. ಒಂದು ಸಮುದಾಯವನ್ನು ರಾಜ್ಯದ ಕೆಲವು ಭಾಗಗಳಲ್ಲಿ ಮಾತ್ರ ಪರಿಶಿಷ್ಟವೆಂದು ಎಣಿಸುವ ಪ್ರಾದೇಶಿಕ ಮಿತಿಯನ್ನು 1976ರ ಕಾನೂನು ತೆಗೆದುಹಾಕಿದ್ದರಿಂದ ನಾಯಕರು ದೊಡ್ಡ ಸಂಖ್ಯೆಯಲ್ಲಿ ಪಟ್ಟಿಯೊಳಗೆ ಎಣಿಕೆಯಾದರು. 1991ರಲ್ಲಿ ಬೇಡ, ವಾಲ್ಮೀಕಿ ಹೆಸರುಗಳೂ ಸೇರಿದವು. 2011ರಲ್ಲಿ ರಾಯಚೂರು ಜಿಲ್ಲೆಯ ಶೇ 19ರಷ್ಟು ಜನ ಪರಿಶಿಷ್ಟ ಪಂಗಡದವರು. ಅವರ್‍ಯಾರೂ ಹೊಸದಾಗಿ ಬಂದವರಲ್ಲ. ಇತ್ತ ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಕ್ಕದ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಗಡಿಯ ಎರಡೂ ಬದಿಯ ಅಂಕಿ ಕೂಡಿಸಿದರೆ ಲೆಕ್ಕ ಕೆಡುತ್ತದೆ.

ತಾಂಡಾ, ಕ್ಯಾಂಪುಗಳದ್ದು ಇನ್ನೂ ಒಂದು ತೊಡಕಿದೆ. ಪ್ರತ್ಯೇಕ ಕಂದಾಯ ಗ್ರಾಮವಾಗದ ವಸತಿಯ ಜನ ಮೂಲ ಗ್ರಾಮದ ಮೊತ್ತದಲ್ಲಿ ಕರಗಿಹೋಗುತ್ತಾರೆ. 2023ರ ಜನವರಿಯಲ್ಲಿ ರಾಯಚೂರು ಸೇರಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಾಗ ಅಂಥ ವಸತಿಗಳನ್ನು ಕಂದಾಯ ಗ್ರಾಮ ಮಾಡಲಾಯಿತು. ಹಾಗಾಗಿ ಮುಂದಿನ ಗಣತಿಯಲ್ಲಿ ಕೆಲವು ಹಳೆಯ ಊರುಗಳ ಜನಸಂಖ್ಯೆ ಇಳಿದಂತೆ ಕಂಡರೆ ಆಶ್ಚರ್ಯಪಡಬೇಕಿಲ್ಲ.

2027ರ ಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಬರೆಸಿಕೊಳ್ಳುವುದಾಗಿ ಕೇಂದ್ರ ಹೇಳಿದೆ. 1931ರ ನಂತರ ಇದೇ ಮೊದಲ ಪೂರ್ಣ ಎಣಿಕೆಯಾಗಲಿದೆ. ಆ ದಿನ ಮನೆಯಲ್ಲಿರುವವರು ಎರಡು ವಿಷಯ ನೋಡಿಕೊಳ್ಳಬೇಕು. ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆಡಿದ ಭಾಷೆ. ಅದನ್ನು ಮನೆಯ ಯಜಮಾನನಿಗೆ ಕೇಳಿ ಎಲ್ಲರಿಗೂ ಒಂದೇ ಎಂದು ಬರೆದುಕೊಳ್ಳದೆ, ಒಬ್ಬೊಬ್ಬರದನ್ನೂ ಬೇರೆಯಾಗಿ ಬರೆಸಬೇಕು. ಲಂಬಾಣಿ ಆಡುವವರು ಕನ್ನಡವೆಂದೋ ಹಿಂದಿಯೆಂದೋ ಬರೆಸದೆ ‘ಲಂಬಾಣಿ’ ಎಂದೇ ಹೇಳಬೇಕು, ಗುಂಪಿಗೆ ಸೇರಿಸುವ ಕೆಲಸ ಆಮೇಲೆ ಕಚೇರಿಯಲ್ಲಿ ನಡೆಯುತ್ತದೆ. ಕನ್ನಡ, ಹಿಂದಿ ಗೊತ್ತಿದ್ದರೆ ತಿಳಿದ ಇತರ ಭಾಷೆಗಳ ಜಾಗದಲ್ಲಿ ಎರಡನ್ನು ಬರೆಸಲು ಅವಕಾಶವಿರುತ್ತದೆ.