ಚೇಂಬರ್‌ನಲ್ಲಿ ಆಯಿಲ್ ಐತೆ, ಇಂಜಿನ್ನಲ್ಲಿ ಇಲ್ಲ

ಮೂರು ಸ್ಪಾರ್ಕ್ ಪ್ಲಗ್ಗುಗಳನ್ನು ಮೇಸ್ತ್ರಿ ಒಂದು ಹಳೇ ಬನಿಯನ್ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ನನ್ನ ಹಳೆಯ ಮಾರುತಿ 800ರ ಇಂಜಿನ್ ಕಟ್ಟಿ ಮುಗಿದಿತ್ತು. 796 ಸಿಸಿ, ಮೂರು ಸಿಲಿಂಡರ್. ಬೋರಿಂಗ್ ಆಗಿತ್ತು, ಪಿಸ್ಟನ್ನುಗಳು ತಿರುಗಿಸುವ ಶಾಫ್ಟಾದ ಕ್ರ್ಯಾಂಕಿನ ಗ್ರೈಂಡಿಂಗ್ ಆಗಿತ್ತು, ಹೊಸ ಪಿಸ್ಟನ್, ಕ್ರ್ಯಾಂಕ್ ಕೂತು ತಿರುಗುವ ಹೊಸ ಬೇರಿಂಗ್ ಬಿದ್ದಿದ್ದವು. ಸಾಮಾನು ತರಲು ಬೆಂಗಳೂರಿನ ಜೆ.ಸಿ. ರೋಡಿಗೆ ನಾಲ್ಕು ಸಲ ಅಲೆದಿದ್ದೆ. ಇನ್ನೇನು, ಕೀ ತಿರುಗಿಸಿದರೆ ಆಯ್ತಲ್ಲ ಎನ್ನುವ ಆತುರ ನನಗೆ. ಮೇಸ್ತ್ರಿ ಮಾತ್ರ ಹಾಕಿದ ಪ್ಲಗ್ಗನ್ನೂ ಬಿಚ್ಚಿಟ್ಟು ಕೂತಿದ್ದರು.

"ಆಯಿಲ್ ಹಾಕಿದ್ದೀರಲ್ಲ, ಮತ್ತಿನ್ನೇನು?" ಎಂದೆ.

"ತಡೀರಿ ಸಾರ್. ಚೇಂಬರ್‌ನಲ್ಲಿ ಆಯಿಲ್ ಐತೆ, ಇಂಜಿನ್ನಲ್ಲಿ ಇಲ್ಲ."

ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ಹೇಳುವುದು ಕಷ್ಟ. ಮೇಲಿನ ಮುಚ್ಚಳ ತೆಗೆದು ಸುರಿದ ಎಣ್ಣೆ ಒಳಗೋಡೆಯ ಮೇಲೆ ಜಾರಿ ನೇರವಾಗಿ ತಳದ ಚೇಂಬರ್ ಸೇರುತ್ತದೆ. ಬೇರಿಂಗುಗಳಿಗೆ ಹೋಗುವ ದಾರಿ ಬೇರೆ. ಅದು ತಳದಿಂದ ಮೇಲಕ್ಕೆ. ಚೇಂಬರಿನ ಜಾಲರಿ, ಆಯಿಲ್ ಪಂಪ್, ಫಿಲ್ಟರ್, ಬ್ಲಾಕಿನ ಉದ್ದಕ್ಕೂ ಕೊರೆದಿರುವ ಗ್ಯಾಲರಿ, ಕ್ರ್ಯಾಂಕಿನ ಮೈನ್ ಬೇರಿಂಗು. ಅಲ್ಲಿಂದ ಕ್ರ್ಯಾಂಕಿನ ಹೊಟ್ಟೆಯೊಳಗೇ ಓರೆಯಾಗಿ ಕೊರೆದ ತೂತಿನ ಮೂಲಕ ಕನೆಕ್ಟಿಂಗ್ ರಾಡಿನ ಬೇರಿಂಗು. ಇನ್ನೊಂದು ಕವಲು ಮೇಲೆ ಹೆಡ್ಡಿಗೆ, ವಾಲ್ವ್ ತೆರೆಯುವ ಕ್ಯಾಮು ರಾಕರುಗಳ ಹತ್ತಿರ. ಹೊಸದಾಗಿ ಕಟ್ಟಿದ ಇಂಜಿನ್ನಿನಲ್ಲಿ ಈ ದಾರಿಯೆಲ್ಲ ಖಾಲಿ. ತೊಳೆದು, ಗಾಳಿ ಹೊಡೆದು ಒಣಗಿಸಿರುತ್ತಾರಲ್ಲ. ಫಿಲ್ಟರೂ ಹೊಸದು, ಒಳಗೆ ಒಣ ಕಾಗದ.

ದಿನಾ ಓಡುವ ಕಾರಿನ ಕಥೆ ಹೀಗಲ್ಲ. ರಾತ್ರಿಯೆಲ್ಲ ನಿಂತರೂ ಬೇರಿಂಗಿನ ಸಂದಿಯಲ್ಲಿ ಎಣ್ಣೆಯ ಪಸೆ ಉಳಿದಿರುತ್ತದೆ. ಎಷ್ಟೋ ಫಿಲ್ಟರುಗಳಲ್ಲಿ ಎಣ್ಣೆ ವಾಪಸ್ ಸೋರದಂತೆ ತಡೆಯುವ ರಬ್ಬರ್ ವಾಲ್ವ್ ಕೂಡ ಇರುತ್ತದೆ. ಬೆಳಿಗ್ಗೆ ಕೀ ತಿರುಗಿಸಿದ ಒಂದೆರಡು ಸೆಕೆಂಡಿನಲ್ಲಿ ಆಯಿಲ್ ಲೈಟ್ ಆರುವುದು ಅದಕ್ಕೇ.

ಸರಿ, ಒಂದು ಹತ್ತು ಸೆಕೆಂಡ್ ಎಣ್ಣೆ ತಡವಾಗಿ ಬಂದರೆ ಏನಾಗುತ್ತದೆ? ಕ್ರ್ಯಾಂಕಿನ ಜರ್ನಲ್, ಅಂದರೆ ಬೇರಿಂಗಿನೊಳಗೆ ಕೂರುವ ಭಾಗ, 40 ಮಿ.ಮೀ. ದಪ್ಪ ಇದೆ ಎಂದುಕೊಳ್ಳಿ. ನಿಮಿಷಕ್ಕೆ 1000 ಸುತ್ತು ತಿರುಗಿದರೆ, ಆ ಹತ್ತು ಸೆಕೆಂಡಿನಲ್ಲಿ ಅದರ ಮೈ ಬೇರಿಂಗಿನ ಮೇಲೆ ಸುಮಾರು 20 ಮೀಟರ್ ಉಜ್ಜಿಕೊಂಡು ಹೋಗಿರುತ್ತದೆ. ಅದೂ ಸುಮ್ನೆ ಅಲ್ಲ, ಪ್ರತಿ ಸಲ ಪೆಟ್ರೋಲ್ ಹೊತ್ತಿದಾಗ ಬೀಳುವ ಏಟನ್ನು ಹೊತ್ತುಕೊಂಡು. ಹಾಗೆ ಒಣಗಿ ಓಡಿದ ಒಂದು ಜೀಪ್ ಇಂಜಿನ್ನಿನ ಬೇರಿಂಗ್ ಶೆಲ್ ನೋಡಿದ್ದೇನೆ. ಬೂದು ಬಣ್ಣದಲ್ಲಿ ನುಣ್ಣಗೆ ಇರಬೇಕಾದ ಮೈಯಲ್ಲಿ ಉದ್ದುದ್ದ ಗೀರು. ಮೇಲಿನ ಮೆತ್ತನೆ ಪದರ ಹೋಗಿ, ಅಡಿಯ ತಾಮ್ರದ ಬಣ್ಣ ಇಣುಕುತ್ತಿತ್ತು. ಉಗುರು ಎಳೆದರೆ ಗೀರಿಗೆ ಸಿಕ್ಕಿಕೊಳ್ಳುತ್ತಿತ್ತು. ಇಂಜಿನ್ ಸೀಜ್ ಆಗಿರಲಿಲ್ಲ, ಓಡುತ್ತಲೇ ಇತ್ತು. ಆಯುಸ್ಸು ಮಾತ್ರ ಅಲ್ಲೇ ಕಡಿಮೆಯಾಗಿತ್ತು.

ಪಂಪು ಒತ್ತಡ ಹಾಕಿ ಕ್ರ್ಯಾಂಕನ್ನು ಎತ್ತಿ ಹಿಡಿಯುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಹಾಗೇನಿಲ್ಲ. ಎತ್ತುವ ಕೆಲಸ ಮಾಡುವುದು ತಿರುಗುವ ಕ್ರ್ಯಾಂಕೇ. ಇದು ಗೊತ್ತಾಗಿದ್ದು ಒಂದು ಮರದ ಬೆಣೆಯಿಂದ.

1883ರಲ್ಲಿ ಇಂಗ್ಲೆಂಡಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆಗಾಗಿ ಬೀಚಂ ಟವರ್ ಎಂಬ ಇಂಜಿನಿಯರ್ ರೈಲು ಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷೆ ಮಾಡುತ್ತಿದ್ದ. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲೆ ಹಿತ್ತಾಳೆಯ ಬೇರಿಂಗ್ ಭಾರ ಹೊತ್ತು ಕೂತಿತ್ತು. ಎಣ್ಣೆ ಬಿಡಲು ಅನುಕೂಲ ಆಗಲಿ ಎಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಅಚ್ಚು ತಿರುಗಿಸಿದರೆ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದ, ಅದನ್ನು ದೂಡಿ ಹೊರಹಾಕಿತು. ಮರದ ಬೆಣೆ ಬಡಿದ, ಅದೂ ಮೆಲ್ಲಗೆ ಮೇಲೆದ್ದು ಬಂತು. ಕೊನೆಗೆ ಒಂದು ಗೇಜ್ ಕೂರಿಸಿದ. ಅದರ ಮುಳ್ಳು ಚದರ ಇಂಚಿಗೆ 200 ಪೌಂಡಿನ ಗುರುತನ್ನೂ ದಾಟಿತು. ಬೇರಿಂಗಿನ ಮೇಲೆ ಸರಾಸರಿ ಭಾರ ಇದ್ದಿದ್ದು ಚದರ ಇಂಚಿಗೆ ಬರೀ 100 ಪೌಂಡ್. ಅಲ್ಲಿ ಪಂಪೇ ಇರಲಿಲ್ಲ, ನೆನಪಿರಲಿ!

ಆ ಒತ್ತಡ ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿ ತೋರಿಸಿದವರು ಆಸ್ಬೋರ್ನ್ ರೆನಾಲ್ಡ್ಸ್, 1886ರಲ್ಲಿ. ಶಾಫ್ಟು ಬೇರಿಂಗಿನ ಸರಿಯಾಗಿ ನಡುವೆ ಕೂರುವುದಿಲ್ಲ, ಸ್ವಲ್ಪ ಓರೆ ಸರಿದಿರುತ್ತದೆ. ಹಾಗಾಗಿ ಸುತ್ತಲಿನ ಸಂದಿ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ತಿರುಗುವ ಶಾಫ್ಟು ತನ್ನ ಮೈಗೆ ಅಂಟಿದ ಎಣ್ಣೆಯನ್ನು ಎಳೆದುಕೊಂಡು ಕಿರಿದಾದ ಕಡೆಗೆ ನುಗ್ಗಿಸುತ್ತದೆ. ಜಾತ್ರೆಯಲ್ಲಿ ತೇರಿನ ಬೀದಿಯ ಜನವೆಲ್ಲ ಒಂದು ಸಂದಿಗೆ ನುಗ್ಗಿದ ಹಾಗೆ. ಒತ್ತಡ ಏರುತ್ತದೆ, ಶಾಫ್ಟನ್ನೇ ಎತ್ತುತ್ತದೆ. ಜೋರು ಮಳೆಯಲ್ಲಿ ವೇಗವಾಗಿ ಹೋಗುವಾಗ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುವುದೂ ಇದೇ ಲೆಕ್ಕ. ಅಲ್ಲಿ ಅದು ಜೀವಕ್ಕೆ ಕುತ್ತು, ಇಲ್ಲಿ ಇಂಜಿನ್ನಿಗೆ ಜೀವ.

ಕಾರಿನ ಬೇರಿಂಗಿನಲ್ಲಿ ಒಟ್ಟು ಸಂದಿ ಮಿಲಿಮೀಟರಿನ ನೂರರಲ್ಲಿ ಮೂರೋ ನಾಲ್ಕೋ ಪಾಲು. ತಲೆಗೂದಲಿಗಿಂತ ತೆಳು. ಅದರೊಳಗೆ ಇಂಜಿನ್ ಓಡುವಾಗ ಹುಟ್ಟುವ ಒತ್ತಡ ಚದರ ಇಂಚಿಗೆ ಸಾವಿರಾರು ಪೌಂಡ್ ಮುಟ್ಟುತ್ತದೆ. ಪಂಪು ಕೊಡುವುದು ಸಾಮಾನ್ಯವಾಗಿ 40ರಿಂದ 60. ತಂದು ಕೊಡುವುದಷ್ಟೇ ಅದರ ಕೆಲಸ. ಆದರೆ ತಂದು ಕೊಡದಿದ್ದರೆ ಶಾಫ್ಟು ಎಳೆದುಕೊಳ್ಳುವುದಾದರೂ ಏನನ್ನು?

ತೊಂದರೆ ಇರುವುದು ಇಲ್ಲೇ. ಒಣಗಿದ ಪಂಪು ಎಣ್ಣೆ ಎಳೆಯುವುದಿಲ್ಲ. ತೋಟಕ್ಕೆ ನೀರು ಹಾಯಿಸಿದವರಿಗೆ ಇದನ್ನು ಹೇಳಬೇಕಿಲ್ಲ. ಬಾವಿಯ ಮೇಲಿನ ಮೋಟಾರ್ ಪಂಪಿಗೆ ಕೊಡದಲ್ಲಿ ನೀರು ಸುರಿದು, ಗುಳುಗುಳು ಎಂದು ಗಾಳಿ ಹೋಗುವ ತನಕ ಕಾದು, ಆಮೇಲೆ ತಾನೇ ಸ್ವಿಚ್ ಒತ್ತುವುದು. ಆಯಿಲ್ ಪಂಪಿನ ಕಟ್ಟು ಬೇರೆ, ಹಲ್ಲಿನ ಚಕ್ರಗಳು ಒಂದಕ್ಕೊಂದು ಕಚ್ಚಿ ತಿರುಗುವ ಪಂಪು ಅದು. ಆದರೆ ಅದಕ್ಕೂ ಗಾಳಿ ಆಗಿಬರುವುದಿಲ್ಲ. ಚಕ್ರಕ್ಕೂ ಪಂಪಿನ ಗೋಡೆಗೂ ನಡುವೆ ಸಣ್ಣ ಸಂದಿ ಇರಲೇಬೇಕಲ್ಲ. ಎಣ್ಣೆ ಮಂದ, ಆ ಸಂದಿಯಲ್ಲಿ ಸುಲಭವಾಗಿ ಹಿಂದಕ್ಕೆ ಜಾರುವುದಿಲ್ಲ. ಗಾಳಿ ಎಣ್ಣೆಗಿಂತ ಸಾವಿರಾರು ಪಟ್ಟು ತೆಳು. ಮುಂದೆ ತಳ್ಳಿದಷ್ಟೂ ಹಿಂದೆ ನುಸುಳಿ ಬರುತ್ತದೆ. ಪಂಪು ಬರೀ ಗಾಳಿಯನ್ನು ಕಲಕುತ್ತಾ ಕೂರುತ್ತದೆ, ಗೇಣುದ್ದ ಕೆಳಗಿರುವ ಎಣ್ಣೆ ಅಲ್ಲೇ ಇರುತ್ತದೆ.

ಅದಕ್ಕೇ ಪಂಪ್ ಕೂರಿಸುವಾಗಲೇ ಮೇಸ್ತ್ರಿ ಅದರ ಹಲ್ಲಿನ ಸಂದಿಗೆಲ್ಲ ವ್ಯಾಸಲೀನ್ ಮೆತ್ತಿದ್ದರು. ತುಟಿಗೆ ಹಚ್ಚುವ ಅದೇ ವ್ಯಾಸಲೀನ್. ಅದು ಸಂದಿ ಮುಚ್ಚಿ ಪಂಪಿಗೆ ಮೊದಲ ಎಳೆತ ಕೊಡುತ್ತದೆ. ಆಮೇಲೆ ಬಿಸಿ ಎಣ್ಣೆಯಲ್ಲಿ ಕರಗಿ ಹೋಗುತ್ತದೆ. ಕೆಲವರು ಗ್ರೀಸ್ ತುಂಬುತ್ತಾರೆ. ಅದು ಹಾಗೆ ಕರಗುವುದಿಲ್ಲ, ಹೋಗಿ ಫಿಲ್ಟರಿನಲ್ಲಿ ಕೂರಬಹುದು. ನನ್ನ ಮಟ್ಟಿಗೆ ಅದು ಬೇಡದ ಉಪಾಯ.

ಅಮೆರಿಕದ ಗ್ಯಾರೇಜುಗಳಲ್ಲಿ ಇದಕ್ಕೆ ಒಂದು ಸೊಗಸಾದ ದಾರಿ ಇದೆ. 1955ರಲ್ಲಿ ಬಂದ ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ8 ಇಂಜಿನ್ನಿನಲ್ಲಿ ಆಯಿಲ್ ಪಂಪನ್ನು ತಿರುಗಿಸುವುದು ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಶಾಫ್ಟು. ಡಿಸ್ಟ್ರಿಬ್ಯೂಟರ್ ಎತ್ತಿ, ಆ ತೂತಿಗೆ ಉದ್ದನೆಯ ಸರಳು ಇಳಿಸಿ, ಕೈ ಡ್ರಿಲ್ಲಿಂಗ್ ಮಷೀನಿನಿಂದ ಪಂಪನ್ನು ಮಾತ್ರ ತಿರುಗಿಸುತ್ತಾರೆ. ಮೊದಲು ಡ್ರಿಲ್ ಹಗುರವಾಗಿ ಗಿರ್ರನೆ ತಿರುಗುತ್ತದೆ. ಎಣ್ಣೆ ಸಿಕ್ಕಿದ ಕೂಡಲೇ ಅದರ ದನಿಯೇ ಬದಲಾಗುತ್ತದೆ, ಕೈಗೆ ಎಳೆತ ಗೊತ್ತಾಗುತ್ತದೆ. ನಡುನಡುವೆ ಕ್ರ್ಯಾಂಕನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಎಲ್ಲ ರಾಕರುಗಳ ಮೇಲೂ ಎಣ್ಣೆ ಬರುವ ತನಕ ಕಾಯುತ್ತಾರೆ. ಕ್ಯಾಮಿನ ಮೇಲೆ ಉಜ್ಜುವ ಹಳೆಯ ಮಾದರಿಯ ಚಪ್ಪಟೆ ಟ್ಯಾಪೆಟ್ ಇರುವ ಇಂಥ ಇಂಜಿನ್ನಿಗೆ ಇದರಿಂದ ಇನ್ನೊಂದು ಲಾಭ ಇದೆ. ಸೆಲ್ಫ್ ಹೊಡೆದೇ ಎಣ್ಣೆ ಏರಿಸಲು ಹೋದರೆ, ಹೊಸ ಕ್ಯಾಮಿಗೆ ಹಚ್ಚಿದ ಲೇಪ ನಿಧಾನದ ತಿರುಗಾಟದಲ್ಲಿ ಒರೆಸಿ ಹೋಗುತ್ತದೆ.

ಮಾರುತಿಯಲ್ಲಿ ಈ ಆಟ ನಡೆಯುವುದಿಲ್ಲ. ಅದರ ಪಂಪು ಕ್ರ್ಯಾಂಕಿನ ಮೂತಿಗೇ ಕೂತಿದೆ. ಪಂಪು ತಿರುಗಬೇಕಾದರೆ ಕ್ರ್ಯಾಂಕೂ ತಿರುಗಬೇಕು. ಪ್ಲಗ್ ಬಿಚ್ಚಿದ್ದು ಅದಕ್ಕೆ. ಪ್ಲಗ್ ಇಲ್ಲದಿದ್ದರೆ ಕಂಪ್ರೆಷನ್ ಇಲ್ಲ, ಉರಿ ಇಲ್ಲ, ಬೇರಿಂಗಿನ ಮೇಲೆ ಭಾರವೂ ಇಲ್ಲ. ಕಟ್ಟುವಾಗ ಬೇರಿಂಗಿಗೆ ಸವರಿದ ಎಣ್ಣೆ ಅಷ್ಟು ಹೊತ್ತು ಧಾರಾಳವಾಗಿ ಕಾಪಾಡುತ್ತದೆ.

ಮೇಸ್ತ್ರಿ ಕಾಯಿಲ್ ವೈರ್ ಬಿಚ್ಚಿ, ಬ್ಲಾಕಿನಲ್ಲಿದ್ದ, ಆಯಿಲ್ ಲೈಟ್ ಆರಿಸುವ ಆಯಿಲ್ ಸ್ವಿಚ್ಚನ್ನೂ ಬಿಚ್ಚಿ, ತೂತಿನ ಕೆಳಗೆ ಒಂದು ಡಬ್ಬ ಹಿಡಿದರು. "ಹೊಡೀರಿ ಸಾರ್." ಹತ್ತು ಸೆಕೆಂಡ್ ಸೆಲ್ಫ್ ಹೊಡೆದೆ. ಏನೂ ಇಲ್ಲ. ಸೆಲ್ಫ್ ಮೋಟಾರ್ ಆರಲಿ ಎಂದು ಒಂದು ನಿಮಿಷ ಬಿಟ್ಟೆವು. ಎರಡನೇ ಸಲ ಬುಸ್ ಎಂದು ಗಾಳಿ, ಜೊತೆಗೆ ನಾಲ್ಕು ಹನಿ. ಮೂರನೇ ಸಲ ಮಜ್ಜಿಗೆಯ ನೊರೆಯಂಥ ಎಣ್ಣೆ ಉಗುಳಿ ಉಗುಳಿ ಬಂತು, ಆಮೇಲೆ ನೊರೆ ನಿಂತು ಜೇನಿನ ಬಣ್ಣದ ಧಾರೆ ಒಂದೇ ಸಮನೆ ಡಬ್ಬಕ್ಕೆ ಬಿತ್ತು. ಸ್ವಿಚ್ ವಾಪಸ್ ಹಾಕಿ ಮತ್ತೆ ಹೊಡೆದಾಗ ಕೆಂಪು ಲೈಟ್ ಆರಿತು.

ಅಲ್ಲಿಗೂ ಅವರಿಗೆ ಸಮಾಧಾನ ಇಲ್ಲ. ತೀರಾ ಕಡಿಮೆ ಒತ್ತಡಕ್ಕೇ ಆ ಲೈಟ್ ಆರುತ್ತದೆ, ಎಣ್ಣೆ ಹೆಡ್ಡಿನ ತುದಿಯವರೆಗೆ ಹೋಯಿತು ಎಂದು ಅದು ಹೇಳುವುದಿಲ್ಲ. ಟ್ಯಾಪೆಟ್ ಕವರ್ ಎತ್ತಿಟ್ಟು, ಇನ್ನೂ ಎರಡು ಸಲ ಹೊಡೆಸಿ, ಕೊನೆಯ ರಾಕರ್ ಮೇಲೆ ಎಣ್ಣೆ ಜಿನುಗಿದ್ದನ್ನು ಬೆರಳಿಂದ ಮುಟ್ಟಿ ನೋಡಿದರು.

ಪ್ಲಗ್, ವೈರ್ ಎಲ್ಲ ಹಾಕಿ ಕೀ ತಿರುಗಿಸಿದಾಗ ಎರಡನೇ ಪ್ರಯತ್ನಕ್ಕೆ ಇಂಜಿನ್ ಹಿಡಿದುಕೊಂಡಿತು. ಲೈಟ್ ನೋಡೋಣ ಎಂದು ಬಗ್ಗುವಷ್ಟರಲ್ಲಿ ಅದು ಆರಿಯೇ ಹೋಗಿತ್ತು. ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಸೋರಿಕೆ ನೋಡಿ, ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದರು. ಎಣ್ಣೆ ಮೇಲಿನ ಗುರುತಿಗಿಂತ ಚೆನ್ನಾಗಿಯೇ ಕೆಳಗಿಳಿದಿತ್ತು. ಎಲ್ಲೂ ಸೋರಿರಲಿಲ್ಲ. ಡಬ್ಬಕ್ಕೆ ಬಿದ್ದಿದ್ದು ಒಂದು ಲೋಟದಷ್ಟು, ಉಳಿದಿದ್ದನ್ನು ಫಿಲ್ಟರೂ ಗ್ಯಾಲರಿಗಳೂ ಕುಡಿದಿದ್ದವು. "ಇನ್ನೊಂದು ಅರ್ಧ ಲೀಟರ್ ತಗೊಂಬನ್ನಿ ಸಾರ್" ಎಂದರು. ಅಂಗಡಿ ಮುಚ್ಚುವ ಹೊತ್ತಾಗಿತ್ತು, ಓಡಿದೆ.