ನೋಡಿದವನು ಒಬ್ಬನೇ ಆದರೆ ಕೊಲೆ ಕೇಸು ನಿಲ್ಲುತ್ತಾ?

ಪ್ರಶ್ನೆ: ತೋಟದ ಹಾದಿಯಲ್ಲಿ ಕೊಲೆ ಆಯ್ತು ಅಂತ ಇಟ್ಕೊಳ್ಳಿ. ಕಣ್ಣಾರೆ ಕಂಡವನು ಒಬ್ಬನೇ, ಅದೂ ಕತ್ತಲಲ್ಲಿ. ಎರಡನೇ ಸಾಕ್ಷಿ ಇಲ್ಲದೆ ಶಿಕ್ಷೆ ಆಗುತ್ತಾ?

ಆಗಬಹುದು. ಇದನ್ನು ತೀರ್ಥಹಳ್ಳಿಯವರೂ ಕೇಳುತ್ತಾರೆ, ಸಾಗರದವರೂ ಕೇಳುತ್ತಾರೆ. ಶಿವಮೊಗ್ಗದಲ್ಲಿ ಕೋರ್ಟಿನಿಂದ ಹೊರಗೆ ಬಂದು ಚಹಾ ಕುಡಿಯಲು ನಿಂತರೆ ಅಲ್ಲೂ ಇದೇ ಪ್ರಶ್ನೆ. ‘ಒಂದು ಸಾಕ್ಷಿ ಸಾಕ್ಷಿಯೇ ಅಲ್ಲ’ ಎನ್ನುವ ಮಾತು ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ.

ಇದು ಎಲ್ಲಿಂದ ಬಂತು ಅಂತ ನನಗೊಂದು ಅನುಮಾನ ಇದೆ. ಅಜ್ಜ ಉಯಿಲು ಬರೆದರೆ ಇಬ್ಬರು ಸಾಕ್ಷಿ ಸಹಿ ಬೇಕು. ದಾನಪತ್ರಕ್ಕೂ ಹಾಗೇ. ಪೊಲೀಸರು ಮಹಜರು ಮಾಡುವಾಗ ಇಬ್ಬರು ಪಂಚರನ್ನು ಕರೆಯುತ್ತಾರೆ. ಇದನ್ನೆಲ್ಲ ನೋಡಿದ ನಮ್ಮ ಜನ ಕೊಲೆಗೂ ಅದೇ ಲೆಕ್ಕ ಹಾಕಿದ್ದಾರೆ. ಉಯಿಲಿಗಾದರೆ ಸಾಕ್ಷಿಗಳನ್ನು ಮೊದಲೇ ಕರೆಸಿ, ಕಾಫಿ ಕೊಟ್ಟು ಜಗಲಿಯಲ್ಲಿ ಕೂರಿಸಬಹುದು. ಕೊಲೆ ಮಾಡುವವನು ‘ಇನ್ನೊಬ್ಬರು ಬರಲಿ, ಆಮೇಲೆ ಕತ್ತಿ ಎತ್ತುತ್ತೇನೆ’ ಅಂತ ಕಾಯುತ್ತಾನಾ ಮಾರಾಯ್ರೆ?

ಕಾನೂನು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದೆ. ಯಾವ ಸಂಗತಿ ಸಾಬೀತು ಮಾಡಲಿಕ್ಕೂ ಇಂತಿಷ್ಟೇ ಸಾಕ್ಷಿ ಬೇಕು ಅಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಅದು 134ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 139. ನಂಬರ್ ಬದಲಾಯಿತು, ಮಾತು ಬದಲಾಗಲಿಲ್ಲ.

1957ರಲ್ಲಿ ಮದ್ರಾಸ್ ರಾಜ್ಯದ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಚಹಾ ಅಂಗಡಿಯವನ ಕೊಲೆ. ಕಂಡವಳು ಅವನ ಹೆಂಡತಿ ಒಬ್ಬಳೇ. ಅವಳ ಮಾತಿನ ಮೇಲೆಯೇ ಕೋರ್ಟು ಶಿಕ್ಷೆ ಎತ್ತಿಹಿಡಿಯಿತು, ಅದೂ ಮರಣದಂಡನೆ. ಸಾಕ್ಷಿಗಳಲ್ಲಿ ಮೂರು ಬಗೆ ಅಂತ ಹೇಳಿದ್ದೂ ಅದೇ ತೀರ್ಪಿನಲ್ಲಿ. ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಇವೆರಡರ ನಡುವಿನವರು. ಅಡಿಕೆ ಆರಿಸಿ ರಾಶಿ ಹಾಕಿದ ಹಾಗೆ. ಮೊದಲ ರಾಶಿಯವನು ಒಬ್ಬನೇ ಸಾಕು. ಎರಡನೇ ರಾಶಿಯವರು ಹತ್ತು ಜನ ಬಂದರೂ ಪ್ರಯೋಜನ ಇಲ್ಲ. ಮೂರನೇ ರಾಶಿಯವನ ಮಾತಿಗೆ ಮಾತ್ರ ಬೇರೆ ಕಡೆಯಿಂದ ಊರುಗೋಲು ಬೇಕು. ನಾನು ಕಂಡ ಸಾಕ್ಷಿಗಳಲ್ಲಿ ಜಾಸ್ತಿ ಜನ ಈ ಮೂರನೇ ರಾಶಿಯವರೇ. ‘ಒಬ್ಬ ಸಾಲಲಿಲ್ಲ, ಬಿಟ್ಟರು’ ಅಂತ ಊರಲ್ಲಿ ಹೇಳುವ ಕೇಸು ನೋಡಿ. ಅಲ್ಲಿ ಕೊರತೆ ತಲೆಯ ಲೆಕ್ಕದಲ್ಲಿ ಇರುವುದಿಲ್ಲ, ನಂಬಿಕೆಯಲ್ಲಿ ಇರುತ್ತದೆ.

ನೂರಾರು ಜನ ಸೇರಿದ ಗಲಾಟೆಯಲ್ಲಿ ಮಾತ್ರ, ‘ಇಂಥವನೂ ಇದ್ದ’ ಅಂತ ಇಬ್ಬರು ಮೂವರಾದರೂ ಹೇಳಲಿ ಅಂತ ಕೋರ್ಟು ನೋಡುವುದುಂಟು. ಅದು ಎಚ್ಚರಿಕೆಗಾಗಿ ಇಟ್ಟುಕೊಂಡ ಅಳತೆ, ಕಾಯ್ದೆಯಲ್ಲಿ ಹಾಗೆ ಬರೆದಿಲ್ಲ.

ಇನ್ನು ಕತ್ತಲು. ಜಡಿಮಳೆ, ಕರೆಂಟಿಲ್ಲ, ಬಂದವನು ಕಂಬಳಿ ಕೊಪ್ಪೆ ಹಾಕಿದ್ದ. ಆದರೂ ಇಪ್ಪತ್ತು ವರ್ಷದಿಂದ ಪಕ್ಕದ ಮನೆಯಲ್ಲಿರುವವನನ್ನು ನೀವು ನಡಿಗೆಯಲ್ಲೇ, ಕೆಮ್ಮಿನಲ್ಲೇ ಗುರುತು ಹಿಡಿಯುತ್ತೀರಿ ಅಲ್ವಾ? ಕೋರ್ಟಿಗೂ ಅದು ಗೊತ್ತು. ಬಿಹಾರದ ಒಂದು ಕೇಸಿನಲ್ಲಿ ಚಂದ್ರ ಇಲ್ಲದ ರಾತ್ರಿ, ನಕ್ಷತ್ರದ ಬೆಳಕಿನಲ್ಲಿ, ಹತ್ತಿರದಿಂದ ಕಂಡ ಪರಿಚಯದವರ ಗುರುತನ್ನು ಸುಪ್ರೀಂ ಕೋರ್ಟು ಒಪ್ಪಿದೆ. ಆದರೆ ಎಷ್ಟು ದೂರದಿಂದ ನೋಡಿದೆ, ಎಷ್ಟು ಹೊತ್ತು ನೋಡಿದೆ, ಅವತ್ತೇ ಹೆಸರು ಹೇಳಿದೆಯಾ ಅಂತ ಪಾಟಿ ಸವಾಲಿನಲ್ಲಿ ಜಾಲಾಡಿಸುತ್ತಾರೆ. ಹೆಸರು ಎಂಟು ದಿನ ಬಿಟ್ಟು ಬಾಯಿಗೆ ಬಂದಿದ್ದರೆ ಕಷ್ಟ.

ಕೊಲೆ ಮಾಡಿದವನು ಸಾಕ್ಷಿಗೆ ಗುರುತೇ ಇಲ್ಲದ ಆಸಾಮಿ ಆದರೆ ಕಥೆ ಬೇರೆ. ಅಲ್ಲಿ ಗುರುತು ಪೆರೇಡ್ ಬೇಕಾಗುತ್ತದೆ. ಸಾಮಾನ್ಯವಾಗಿ ಜೈಲಿನಲ್ಲಿ, ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ತಹಸೀಲ್ದಾರರ ಎದುರು, ಅವನಂತೆಯೇ ಕಾಣುವ ಬೇರೆಯವರ ಜೊತೆ ಆರೋಪಿಯನ್ನು ನಿಲ್ಲಿಸುತ್ತಾರೆ. ಸಾಕ್ಷಿ ಬಂದು ಆರಿಸಬೇಕು. ಆದರೆ ಪೆರೇಡ್ ತನಿಖೆಗೆ ಆಸರೆ ಅಷ್ಟೇ. ನಿಜವಾದ ಸಾಕ್ಷ್ಯ ಕೋರ್ಟಿನಲ್ಲಿ ಬೆರಳು ತೋರಿಸಿ ‘ಇವನೇ’ ಅನ್ನುವುದು. ಪೆರೇಡ್ ಆಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಕೇಸು ಬೀಳಬೇಕಾಗಿಲ್ಲ. ಆದರೆ ಕಟಕಟೆಯಲ್ಲಿ ನಿಂತಿರುವವನು ಒಬ್ಬನೇ. ಅಪರಿಚಿತನನ್ನು ಅಲ್ಲಿ ಮೊದಲ ಸಲ ತೋರಿಸುವುದಕ್ಕೆ ಏನು ಬೆಲೆ?

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಮಾತು. ಪೊಲೀಸರು ಆರೋಪಿಗೆ ಮುಸುಕು ಹಾಕಿ ಕರೆತರುತ್ತಾರಲ್ಲ, ‘ಕೊಲೆಗಾರನಿಗೆ ಎಂಥ ಮರ್ಯಾದೆ’ ಅಂತ ಸಿಟ್ಟಾಗುವವರು ಬಹಳ. ಪೆರೇಡ್ ಆಗಬೇಕಾದ ಕೇಸಿನಲ್ಲಿ ಆ ಮುಸುಕು ಇರುವುದು ಸಾಕ್ಷಿಯ ಕಣ್ಣಿಗಾಗಿ. ಪೆರೇಡಿಗೆ ಮೊದಲೇ ಮುಖ ಕಂಡುಬಿಟ್ಟರೆ ಆಮೇಲೆ ಆರಿಸುವುದರಲ್ಲಿ ಅರ್ಥವೇ ಇಲ್ಲ. ಪೊಲೀಸರು ಅಷ್ಟು ಜೋಪಾನ ಮಾಡುತ್ತಾರೆ. ನಮ್ಮ ಹುಡುಗರು ಸಂಜೆಯೊಳಗೆ ಅವನ ಫೋಟೋ ಹುಡುಕಿ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ ‘ಗಲ್ಲಿಗೇರಿಸಿ’ ಅಂತ ಬರೆಯುತ್ತಾರೆ. ಆ ಗ್ರೂಪಿನಲ್ಲಿ ಸಾಕ್ಷಿಯೂ ಇರುತ್ತಾನೆ. ಮುಂದೆ ಸೆಷನ್ಸ್ ಕೋರ್ಟಿನಲ್ಲಿ ಆರೋಪಿ ಪರ ವಕೀಲರು ಎದ್ದು ನಿಂತು ಕೇಳುವ ಮೊದಲ ಪ್ರಶ್ನೆ: “ಪೆರೇಡಿಗೆ ಮುಂಚೆ ಇವರ ಫೋಟೋ ನಿಮ್ಮ ಮೊಬೈಲಿಗೆ ಬಂದಿತ್ತಾ?”